ದೋಣಿಯ ಬ್ಯಾಟರಿಯೂ ವೆಂಬನಾಡಿನ ಒಂದು ಇರುಳೂ

ಪ್ರವಾಸಕ್ಕೆ ಹೊರಡುವವರ ಗಂಟುಮೂಟೆ ಕಾಲದಿಂದ ಕಾಲಕ್ಕೆ ಬದಲಾಗುತ್ತ ಬಂದಿದೆ. ನಮ್ಮ ಹಿರಿಯರಿಗೆ ಒಂದು ಹಾಸಿಗೆ ಸುರುಳಿ, ಹಿತ್ತಾಳೆಯ ತಂಬಿಗೆ, ಅವಲಕ್ಕಿಯ ಡಬ್ಬಿ, ಜೊತೆಗೊಂದು ಲಾಟೀನು ಇದ್ದರೆ ಕಾಶಿಯವರೆಗೂ ಸಾಗುತ್ತಿತ್ತು. ನಮಗೆ ಹಾಗಲ್ಲ. ಬಟ್ಟೆಯ ಪೆಟ್ಟಿಗೆ ಎಷ್ಟೇ ಚಿಕ್ಕದಿರಲಿ, ತಂತಿಗಳ ಚೀಲವೊಂದು ಬೇರೆಯೇ ಹೊರಡುತ್ತದೆ. ಮೊಬೈಲು ಎರಡು, ಮಕ್ಕಳ ಟ್ಯಾಬ್ಲೆಟ್ಟು ಒಂದು, ಪವರ್ ಬ್ಯಾಂಕು ಒಂದು, ವಯಸ್ಸಾದ ತಾಯಿಯವರ ಕಿವಿಯ ಯಂತ್ರ ಒಂದು. ಎಲ್ಲಕ್ಕೂ ದಿನಕ್ಕೊಮ್ಮೆ ವಿದ್ಯುತ್ತಿನ ಊಟವಾಗಬೇಕು. ಯಾವ ಊರಿನಲ್ಲಿ ಇಳಿದರೂ ದೇವರ ದರ್ಶನಕ್ಕೆ ಮೊದಲು ನಮ್ಮ ಕಣ್ಣು ಹುಡುಕುವುದು ಗೋಡೆಯ ಮೇಲಿನ ಆ ಮೂರು ತೂತುಗಳನ್ನು. ಗೋಡೆಯೇ ಇಲ್ಲದೆಡೆಯಲ್ಲಿ, ನಾಲ್ಕು ಕಡೆಯೂ ನೀರಿರುವಲ್ಲಿ, ಈ ಊಟ ಹೇಗೆ ನಡೆಯುತ್ತದೆಂಬುದನ್ನು ನಾವು ವೆಂಬನಾಡಿನ ಕಾಯಲಿನಲ್ಲಿ ಕಂಡೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಕಳೆದ ಡಿಸೆಂಬರ್ ರಜೆಯಲ್ಲಿ ಚೆನ್ನೈಯಿಂದ ರಾತ್ರಿಯ ರೈಲು ಹಿಡಿದು ಆಲಪ್ಪುಳಕ್ಕೆ ಹೋಗಿದ್ದೆವು. ನಾವು ಎಂದರೆ ಗಂಡ ಹೆಂಡಿರು, ಮಕ್ಕಳಿಬ್ಬರು, ನಮ್ಮ ತಾಯಿಯವರು. ಹಿಂದೆ ಆಲೆಪ್ಪಿಯೆಂದು ಕರೆಯುತ್ತಿದ್ದ ಈ ಪಟ್ಟಣ ತೆಂಗಿನ ನಾರಿಗೂ ಕಾಲುವೆಗಳಿಗೂ ಹೆಸರಾದುದು. ಬೀದಿಯ ಪಕ್ಕದಲ್ಲಿ ಚರಂಡಿ ಇರಬೇಕಾದ ಕಡೆ ಇಲ್ಲಿ ದೋಣಿ ಹೋಗುವಷ್ಟು ಅಗಲದ ಕಾಲುವೆ ಇರುತ್ತದೆ. ಪಟ್ಟಣದ ಅಂಚಿನ ಪುನ್ನಮಡಕ್ಕೆ ಬಂದರೆ ಕಾಲುವೆಯ ಬಾಯಿ ತೆರೆದು ವೆಂಬನಾಡು ಕಾಣುತ್ತದೆ. ಕೇರಳದ ಅತಿ ದೊಡ್ಡ ಸರೋವರ ಅದು. 1952ರಲ್ಲಿ ನೆಹರೂ ಅವರು ಬಂದಾಗ ಹಾವಿನಂಥ ಉದ್ದ ದೋಣಿಗಳ ಪಂದ್ಯ ನಡೆದುದೂ, ಅವರ ಹೆಸರಿನ ಪಾರಿತೋಷಕಕ್ಕೆ ಅದೇ ಮೂಲವಾದುದೂ ಇಲ್ಲಿಯೇ.

ನಾವು ಹತ್ತಿದ್ದು ಎರಡು ಕೋಣೆಗಳ ಒಂದು ಹಳೆಯ ಕೆಟ್ಟುವಳ್ಳಂ. 'ಕೆಟ್ಟು' ಎಂದರೆ ನಮ್ಮ ಕಟ್ಟು. 'ವಳ್ಳಂ' ಎಂದರೆ ದೋಣಿ. ಆಂಜಿಲಿ ಮರದ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹುರಿಯಿಂದ ಬಿಗಿದು ಕಟ್ಟಿ, ಮೇಲೆ ಗೇರು ಸಿಪ್ಪೆಯ ಕರಿ ಎಣ್ಣೆ ಬಳಿದು ಮಾಡುವ ದೋಣಿ ಇದು. ಹಿಂದೆ ಕುಟ್ಟನಾಡಿನ ಅಕ್ಕಿಯನ್ನು ಕೊಚ್ಚಿಯವರೆಗೆ ಹೊತ್ತು ಹೋಗುತ್ತಿದ್ದವಂತೆ. ಲಾರಿಗಳು ಬಂದು ದೋಣಿಗಳಿಗೆ ಕೆಲಸ ತಪ್ಪಿತು. 1990ರ ದಶಕದಿಂದೀಚೆಗೆ ಅಕ್ಕಿಯ ಮೂಟೆಗಳಿದ್ದ ಜಾಗದಲ್ಲಿ ಮಂಚ ಹಾಕಿ, ಬಿದಿರು ಚಾಪೆಯ ಮಾಡು ಹೊದಿಸಿ, ನಮ್ಮಂಥವರನ್ನು ತುಂಬಿಕೊಳ್ಳುತ್ತಿವೆ. ಅಕ್ಕಿಯ ಮೂಟೆ ಮಾತ್ರ ಪ್ಲಗ್ಗು ಎಲ್ಲಿದೆಯೆಂದು ಕೇಳುತ್ತಿರಲಿಲ್ಲ.

ದೋಣಿಯಲ್ಲಿ ಇಬ್ಬರು ಕೆಲಸಗಾರರು. ದೋಣಿ ನಡೆಸುವವರಿಗೆ ಅಲ್ಲಿ ಸ್ರಾಂಕ್ ಎನ್ನುತ್ತಾರೆ. ನಮ್ಮ ಸ್ರಾಂಕ್ ಅರವತ್ತರ ಆಚೀಚಿನವರು. ಮಕ್ಕಳಿಗೆ ಐದೇ ನಿಮಿಷದಲ್ಲಿ 'ತಾತ' ಆದರು. ಅಡುಗೆಯ ಹುಡುಗ ಅಸ್ಸಾಮಿನವನು. ಸ್ರಾಂಕ್ ಮಲೆಯಾಳ, ನಾವು ಚೆನ್ನೈಯ ತಮಿಳು, ಹುಡುಗ ಹಿಂದಿ, ತಾಯಿಯವರು ಅಚ್ಚ ಧಾರವಾಡದ ಕನ್ನಡ. ಆದರೂ ಮೀನು ಬೇಡ, ಸಾಂಬಾರಿಗೆ ತೆಂಗಿನೆಣ್ಣೆ ಕಡಿಮೆ ಹಾಕಬೇಕು ಎಂಬ ಮುಖ್ಯ ವಿಷಯಗಳಲ್ಲಿ ಯಾರಿಗೂ ಸಂದೇಹ ಉಳಿಯಲಿಲ್ಲ.

ಮಧ್ಯಾಹ್ನವೆಲ್ಲ ಕುಟ್ಟನಾಡಿನ ಕಾಲುವೆಗಳಲ್ಲಿ ತೇಲಿದೆವು. ಆ ಸೀಮೆಯ ವಿಚಿತ್ರವೆಂದರೆ ನೀರು ಮೇಲೆ, ಗದ್ದೆ ಕೆಳಗೆ. ಸಮುದ್ರದ ಮಟ್ಟಕ್ಕಿಂತ ತಗ್ಗಿನಲ್ಲಿ ಬತ್ತ ಬೆಳೆಯುತ್ತಾರೆ. ಗದ್ದೆಯ ಸುತ್ತ ಮಣ್ಣಿನ ಏರಿ. ಏರಿಯ ಮೇಲೆ ತೆಂಗು, ಮನೆ, ಒಗೆಯುವ ಕಲ್ಲು. ಒಳಗಿನ ನೀರನ್ನು ವಿದ್ಯುತ್ ಪಂಪಿನಿಂದ ಎತ್ತಿ ಹೊರಗಿನ ಕಾಲುವೆಗೆ ಚೆಲ್ಲುತ್ತಾರೆ. ಬಯಲುಸೀಮೆಯಲ್ಲಿ ಗದ್ದೆಗೆ ನೀರು ಬಾರದೆಂದು ಅಳುವುದನ್ನು ಕಂಡ ನಮ್ಮ ತಾಯಿಯವರು ಗದ್ದೆಯಿಂದ ನೀರನ್ನು ಹೊರಗೆ ಹಾಕುವುದನ್ನು ನೋಡಿ ಬಹಳ ಹೊತ್ತು ಮಾತಾಡಲಿಲ್ಲ.

ಸಂಜೆ ಐದೂವರೆಗೆ ದೋಣಿಯನ್ನು ಒಂದು ಏರಿಯ ಪಕ್ಕದಲ್ಲಿ ತೆಂಗಿನ ಮರಕ್ಕೆ ಕಟ್ಟಿದರು. ಆ ಹೊತ್ತಿನ ಮೇಲೆ ಮನೆದೋಣಿಗಳು ಓಡುವಂತಿಲ್ಲ. ಬೆಸ್ತರು ಬಲೆ ಬಿಡುವ ವೇಳೆ ಅದು. ಸರಿಯಾಗಿ ಆಗಲೇ ಎರಡು ಸಂಗತಿಗಳು ಒಟ್ಟಿಗೆ ಒದಗಿದವು. ಒಂದು, ರಾತ್ರಿಯ ವಿದ್ಯುತ್ತಿಗೆಂದು ಇದ್ದ ಜನರೇಟರು ಎಷ್ಟು ಎಳೆದರೂ ಕೆಮ್ಮಿ ಸುಮ್ಮನಾಯಿತು. ಮಾಲೀಕರು ಬೆಳಿಗ್ಗೆ ಮೆಕ್ಯಾನಿಕನನ್ನು ಕಳಿಸುವುದಾಗಿ ಹೇಳಿದರು. ಇನ್ನೊಂದು, ಹುಬ್ಬಳ್ಳಿಯಿಂದ ತಮ್ಮನ ಫೋನು. ಅವನ ಹೆಂಡತಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದಳು. ಇನ್ನೂ ಮೂರು ವಾರವಿದೆಯೆಂದು ವೈದ್ಯರು ಹೇಳಿದ್ದರು. ಆದರೆ ಆ ಮಧ್ಯಾಹ್ನವೇ ನೋವು ಕಾಣಿಸಿಕೊಂಡು ಆಸ್ಪತ್ರೆಗೆ ಸೇರಿಸಿದ್ದರು. "ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡ್ತೀನಿ, ಹತ್ತಿರ ಇಟ್ಟುಕೊಂಡಿರಿ" ಎಂದ. ನಮ್ಮ ಫೋನಿನಲ್ಲಿ ಉಳಿದಿದ್ದುದು ನೂರಕ್ಕೆ ಒಂಬತ್ತು. ಪವರ್ ಬ್ಯಾಂಕು ರೈಲಿನಲ್ಲಿಯೇ ಮಕ್ಕಳ ಸೇವೆಯಲ್ಲಿ ಬರಿದಾಗಿತ್ತು. ತಾಯಿಯವರ ಕಿವಿಯ ಯಂತ್ರ ಆಗಲೇ ಸಣ್ಣಗೆ ಕೂಗಿ ತನ್ನ ಹಸಿವನ್ನು ತಿಳಿಸುತ್ತಿತ್ತು. ಅದಿಲ್ಲದಿದ್ದರೆ ಪಕ್ಕದಲ್ಲಿ ಗಂಟೆ ಹೊಡೆದರೂ ಅವರಿಗೆ ಕೇಳಿಸದು.

"ನಿನ್ನ ಫೋನ್ ಸತ್ತರ ಸುದ್ದಿ ಹೆಂಗ ಬರಬೇಕು? ನನ್ನ ಕಿವಿ ಸತ್ತರ ಬಂದ ಸುದ್ದಿ ನನಗ ಹೆಂಗ ತಿಳೀಬೇಕು?" ಎಂದು ತಾಯಿಯವರು ಕೇಳಿದರು. ಪ್ರಶ್ನೆ ಎರಡೂ ನ್ಯಾಯವಾಗಿತ್ತು.

ದೂರದಲ್ಲಿ, ಗದ್ದೆಯ ಆಚೆ, ಪಂಪಿನ ಮನೆಯ ದೀಪ ಉರಿಯುತ್ತಿತ್ತು. ಸರ್ಕಾರದ ವಿದ್ಯುತ್ತು ಕಣ್ಣಿಗೆ ಕಾಣುತ್ತಿದೆ, ಕೈಗೆ ಎಟುಕುತ್ತಿಲ್ಲ. ಆಗ ಸ್ರಾಂಕ್ ನಮ್ಮನ್ನು ಹಿಂಬದಿಗೆ ಕರೆದುಕೊಂಡು ಹೋಗಿ ಒಂದು ಹಲಗೆಯನ್ನು ಎತ್ತಿದರು. ಕೆಳಗೆ ಎರಡು ಬ್ಯಾಟರಿಗಳು. ಸೀಸ ಮತ್ತು ಗಂಧಕಾಮ್ಲದ ಹಳೆಯ ಜಾತಿಯವು. 1859ರಲ್ಲಿ ಗಾಸ್ಟನ್ ಪ್ಲಾಂಟೆ ಎಂಬ ಫ್ರೆಂಚ್ ವಿಜ್ಞಾನಿ ಕಂಡುಹಿಡಿದ ತತ್ತ್ವ ಇಂದಿಗೂ ಲಾರಿಗಳಲ್ಲಿ, ದೋಣಿಗಳಲ್ಲಿ, ನಮ್ಮ ಮನೆಯ ಇನ್ವರ್ಟರಿನ ಕೆಳಗೆ ಕುಳಿತು ದುಡಿಯುತ್ತಿದೆ. ದೋಣಿಯ ಎಂಜಿನು ಓಡುವಾಗ ಅದಕ್ಕೆ ಪಟ್ಟಿಯಿಂದ ಸೇರಿಸಿದ ಆಲ್ಟರ್ನೇಟರು ತಿರುಗಿ ಇವನ್ನು ತುಂಬುತ್ತದೆ. ಎಂಜಿನು ನಿಂತ ಮೇಲೆ ತುಂಬಿದಷ್ಟೇ ಬಂಡವಾಳ.

ಒಂದು ಬ್ಯಾಟರಿಯ ಮೇಲೆ ಸ್ರಾಂಕ್ ಕೈಯಿಟ್ಟು ತಲೆಯಾಡಿಸಿದರು. ಅದು ಎಂಜಿನನ್ನು ಎಬ್ಬಿಸುವುದಕ್ಕೆ ಮೀಸಲು, ಯಾರೂ ಮುಟ್ಟುವಂತಿಲ್ಲ. ಅವರ ಮಾತಿನ ತಾತ್ಪರ್ಯ ಇಷ್ಟು: ರಾತ್ರಿ ಗಾಳಿಯೆದ್ದು ಹುರಿ ಕಿತ್ತರೆ, ಯಾರಿಗಾದರೂ ಮೈಗೆ ಸರಿಯಿಲ್ಲದೆ ದಡಕ್ಕೆ ಓಡಬೇಕಾದರೆ, ಎಂಜಿನು ಒಂದೇ ಸಲಕ್ಕೆ ಏಳಬೇಕು. ಆಗ ಫೋನು ತುಂಬಿದೆ, ದೋಣಿ ಸತ್ತಿದೆ ಎಂದಾದರೆ ಏನು ಪ್ರಯೋಜನ? ಇನ್ನೊಂದು ಬ್ಯಾಟರಿ ಮನೆವಾರ್ತೆಯದು. ದೀಪ, ಫ್ಯಾನು, ನೀರಿನ ಪಂಪು ಎಲ್ಲ ಅದರ ಪಾಲು. ಅದರಲ್ಲಿ ಎಷ್ಟು ಬೇಕಾದರೂ ಕೇಳಿ, ಆದರೆ ಲೆಕ್ಕ ಹಾಕಿ ಕೇಳಿ ಎಂದರು.

ಲೆಕ್ಕವೆಂದರೆ ನಮಗೆ ತವರಿನ ಮಾತು. ಬ್ಯಾಟರಿಯ ಮೈಮೇಲೆ 12 ವೋಲ್ಟ್, 100 ಆಂಪಿಯರ್-ಗಂಟೆ ಎಂದು ಅಚ್ಚಾಗಿತ್ತು. ಎರಡನ್ನೂ ಗುಣಿಸಿದರೆ 1200 ವಾಟ್-ಗಂಟೆ. ಮನೆಯ ಮೀಟರಿನ ಭಾಷೆಯಲ್ಲಿ ಒಂದೂಕಾಲು ಯೂನಿಟ್ಟೂ ಆಗಲಿಲ್ಲ. ಅದರಲ್ಲಿಯೂ ಈ ಜಾತಿಯ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಷ್ಯ ಕುಂದುತ್ತದೆ. ಇದು ವಯಸ್ಸಾದದ್ದು ಬೇರೆ. ನಾನೂರು ವಾಟ್-ಗಂಟೆಯ ಮೇಲೆ ಒಂದು ಕಾಸೂ ಇಲ್ಲವೆಂದು ಸ್ರಾಂಕ್ ಮಂಜೂರು ಮಾಡಿದರು.

ಹೋಟೆಲಿನ ಬಿಲ್ಲಿನ ಹಿಂಬದಿಯಲ್ಲಿ ಆಯವ್ಯಯ ಬರೆದೆವು. ಇಂದಿನ ಒಂದು ಮೊಬೈಲಿನ ಹೊಟ್ಟೆ ಸುಮಾರು 19 ವಾಟ್-ಗಂಟೆ. ದಾರಿಯ ಸೋರಿಕೆ ಸೇರಿ 25 ಎನ್ನೋಣ. ನಮ್ಮವು ಎರಡು, ಸ್ರಾಂಕ್ ಅವರದು ಒಂದು, ಹುಡುಗನದು ಒಂದು, ಒಟ್ಟು ನೂರು. ಕಿವಿಯ ಯಂತ್ರದ ಡಬ್ಬಿಗೆ ಮೂರು ಸಾಕು. ದೋಣಿ ಇಲ್ಲಿದೆಯೆಂದು ತೋರಿಸುವ ಮೂರು ವಾಟಿನ ದೀಪ ರಾತ್ರಿಯೆಲ್ಲ ಹನ್ನೆರಡು ಗಂಟೆ ಉರಿಯಲೇಬೇಕು, 36. ಒಳಗಿನ ನಾಲ್ಕು ದೀಪ ಎರಡು ಗಂಟೆ ಮಾತ್ರ, 40. ಇನ್ನು ಫ್ಯಾನು. 25 ವಾಟಿನ ಒಂದು ಫ್ಯಾನು ಒಂಬತ್ತು ಗಂಟೆ ತಿರುಗಿದರೆ 225!

ಇಲ್ಲಿ ನಮಗೆ ಕಣ್ಣು ತೆರೆಯಿತು. ನಾವೆಲ್ಲ ಫೋನೇ ವಿದ್ಯುತ್ತನ್ನು ನುಂಗುವ ರಾಕ್ಷಸನೆಂದು ಅದರತ್ತಲೇ ನೋಡುತ್ತಿದ್ದೆವು. ನಿಜವಾಗಿ, ತಲೆಯ ಮೇಲೆ ಸಾಧುವಿನಂತೆ ತಿರುಗುವ ಒಂದು ಫ್ಯಾನು ಒಂದು ರಾತ್ರಿಯಲ್ಲಿ ಒಂಬತ್ತು ಫೋನುಗಳ ಊಟವನ್ನು ಉಣ್ಣುತ್ತದೆ. ಹಿಂದೊಮ್ಮೆ ಯಾರೋ ಅತಿಥಿಗಳು ಚಹಾಕ್ಕೆಂದು 1500 ವಾಟಿನ ವಿದ್ಯುತ್ ಕೆಟಲು ತಂದು ಹಚ್ಚಿದರಂತೆ. ಹತ್ತು ನಿಮಿಷಕ್ಕೆ ಅದು 250 ಬೇಡುತ್ತದೆ. ಅಷ್ಟಕ್ಕೆ 12 ವೋಲ್ಟಿನ ತಂತಿಯಲ್ಲಿ ನೂರಿಪ್ಪತ್ತೈದು ಆಂಪಿಯರಿಗೂ ಮೀರಿ ಹರಿಯಬೇಕು. ಬ್ಯಾಟರಿಯ ಬಾಯಲ್ಲೇ ಇದ್ದ ಫ್ಯೂಸು ಕರಗಿ ದೋಣಿಯನ್ನು ಉಳಿಸಿತು ಎಂದು ಸ್ರಾಂಕ್ ಆ ಗಾಜಿನ ಚಿಕ್ಕ ತುಂಡನ್ನು ದೇವರಂತೆ ತೋರಿಸಿದರು. ಚಾಪೆ, ಬಿದಿರು, ನಾರುಗಳಿಂದ ಕಟ್ಟಿದ ದೋಣಿಯಲ್ಲಿ ತಂತಿ ಕಾದು ಕಿಡಿಯಾದರೆ ಗತಿಯೇನು?

ಕೂಡಿಸಿದಾಗ ಮೊತ್ತ 404. ಮಂಜೂರಾತಿಗೆ ನಾಲ್ಕು ಮಿಕ್ಕಿತು. ಎರಡು ಕೋಣೆಯ ಎರಡು ಫ್ಯಾನಿನಲ್ಲಿ ಒಂದನ್ನು ಆಗಲೇ ಬಿಟ್ಟಿದ್ದೆವು. ಐವರೂ ಒಂದೇ ಕೋಣೆಯಲ್ಲಿ ಮಲಗುವುದೆಂದು ತೀರ್ಮಾನವಾಗಿತ್ತು. ಮಗನ ಟ್ಯಾಬ್ಲೆಟ್ಟಿನ ಅರ್ಜಿ ಮೊದಲ ಸುತ್ತಿನಲ್ಲೇ ವಜಾ ಆಗಿತ್ತು. ಹುಡುಗನ ಫೋನನ್ನು ಬಿಡಬಹುದಲ್ಲ ಎಂದು ಯಾರೋ ಅಂದರು. ಆದರೆ ಅವನು ದಿನವೂ ಕೆಲಸ ಮುಗಿಸಿ ಹತ್ತು ಗಂಟೆಗೆ ಅಸ್ಸಾಮಿನ ತನ್ನ ತಾಯಿಯೊಡನೆ ಮಾತಾಡುತ್ತಾನೆ. ಪರಊರಿನಲ್ಲಿ ದುಡಿಯುವವನ ಆ ಹತ್ತು ನಿಮಿಷದ ಬೆಲೆಯನ್ನು ನಮ್ಮ ಪತ್ರಿಕೆಯ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮನೆಯವರು ತಮ್ಮ ಫೋನನ್ನು ಆರಿಸಿ ಚೀಲದಲ್ಲಿಟ್ಟು, "ಅವನದು ತುಂಬಲಿ, ನನಗೆ ಯಾರು ಮಾಡಬೇಕಾಗಿದೆ?" ಎಂದರು. ಮೊತ್ತ 379ಕ್ಕೆ ಇಳಿಯಿತು.

ಚಾರ್ಜು ಮಾಡುವ ದಾರಿಯಲ್ಲಿಯೂ ಒಂದು ಪಾಠವಿತ್ತು. ಕೋಣೆಯ ಗೋಡೆಯಲ್ಲಿ ನಾವು ಹುಡುಕುವ ಮೂರು ತೂತುಗಳೇನೋ ಇದ್ದವು. ಅವಕ್ಕೆ ಜನರೇಟರು ಇಲ್ಲದಾಗ ಇನ್ವರ್ಟರಿನ ಮೂಲಕ ವಿದ್ಯುತ್ತು ಬರುತ್ತಿತ್ತು. ಬ್ಯಾಟರಿಯ 12 ವೋಲ್ಟನ್ನು ಇನ್ವರ್ಟರು 230 ವೋಲ್ಟಿಗೆ ಏರಿಸುತ್ತದೆ. ನಮ್ಮ ಚಾರ್ಜರು ಮತ್ತೆ ಅದನ್ನು 5 ವೋಲ್ಟಿಗೆ ಇಳಿಸುತ್ತದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವವನು ಬೆಳಗಾವಿಯನ್ನು ಮುಟ್ಟಿ ಬಂದಂತೆ! ಏರುವಾಗ ಒಂದಿಷ್ಟು, ಇಳಿಯುವಾಗ ಒಂದಿಷ್ಟು ಶಾಖವಾಗಿ ಸೋರಿಹೋಗುತ್ತದೆ. ಯಾವ ಸಾಮಾನನ್ನೂ ಹಚ್ಚದಿದ್ದರೂ ಇನ್ವರ್ಟರು ಎಚ್ಚರವಾಗಿರುವುದಕ್ಕೇ ಒಂದಷ್ಟು ತಿನ್ನುತ್ತದೆ. ಆದುದರಿಂದ ಸ್ರಾಂಕ್ ಅದನ್ನು ಆರಿಸಿಬಿಟ್ಟರು. ಚುಕ್ಕಾಣಿಯ ಪಕ್ಕದಲ್ಲಿ, ಅವರ ಸ್ವಂತಕ್ಕೆಂದು, ಎರಡು ಬಾಯಿಯ ಯುಎಸ್‌ಬಿ ಸಾಕೆಟ್ಟೊಂದಿತ್ತು. 12ರಿಂದ ನೇರವಾಗಿ 5ಕ್ಕೆ ಇಳಿಸುವ ಚಿಕ್ಕ ಯಂತ್ರ ಅದರೊಳಗೇ ಇದೆ. ಅದರ ತಾಮ್ರಕ್ಕೆ ಕಾಯಲಿನ ಉಪ್ಪು ಗಾಳಿಯಿಂದ ಹಸಿರು ಹಿಡಿದಿತ್ತು. ಸ್ರಾಂಕ್ ಸಾಕೆಟ್ಟಿನ ವಿದ್ಯುತ್ತನ್ನು ಮೊದಲು ಕಡಿದು, ಒಣ ಬಟ್ಟೆಯಿಂದ ಉಜ್ಜಿ, ನಮ್ಮ ಫೋನಿಗೂ ಕಿವಿಯ ಡಬ್ಬಿಗೂ ಮೊದಲ ಪಂಕ್ತಿ ಹಾಕಿದರು.

ಎಂಜಿನನ್ನು ಸುಮ್ಮನೆ ತಿರುಗಿಸಿಟ್ಟರೆ ಬ್ಯಾಟರಿ ತುಂಬದೇ ಎಂದು ಮಗಳು ಕೇಳಿದಳು. ತುಂಬುತ್ತದೆ. ಆದರೆ ಮೆಲ್ಲನೆ ತಿರುಗುವ ಎಂಜಿನು ಕೊಡುವ ವಿದ್ಯುತ್ತು ಕಡಿಮೆ, ಕೊಡುವ ಹೊಗೆ ಹೆಚ್ಚು. ನಿಂತ ದೋಣಿಯ ಚಾಪೆಯ ಮಾಡಿನೊಳಗೆ ಆ ಹೊಗೆ ಸೇರಿದರೆ ಮಲಗಿದವರಿಗೆ ಅಪಾಯ. ಅದು ಬೇಡವೆಂದರು. ಗೋಡೆಯ ಚಿಕ್ಕ ಮೀಟರಿನಲ್ಲಿ ಕೆಂಪು ಅಂಕಿ 12.7 ಎಂದು ತೋರಿಸುತ್ತಿತ್ತು. ತುಂಬಿದ ಬ್ಯಾಟರಿಯ ಗುರುತು ಅದು. ಸ್ರಾಂಕ್ ಅದರತ್ತ ಬೆರಳು ತೋರಿಸಿ, 12.2 ಬಂದೊಡನೆ ಎಲ್ಲ ಆರಿಸುವುದೆಂದು ಸನ್ನೆ ಮಾಡಿ, "ಮತಿ" ಎಂದರು.

ತಾಯಿಯವರಿಗೆ ಆಗಿನ್ನೂ ಯಂತ್ರ ಸ್ವಲ್ಪ ಕೇಳಿಸುತ್ತಿತ್ತು. "ನೋಡಪಾ, ಮತಿ ಅನ್ನಾಕತ್ತಾರ. ಬುದ್ಧಿ ಇಟ್ಟುಕೊಂಡು ಖರ್ಚು ಮಾಡ್ರಿ ಅಂತ ಹೇಳತಾರ" ಎಂದು ಮೆಚ್ಚಿಕೊಂಡರು. ಮಲೆಯಾಳದಲ್ಲಿ 'ಮತಿ' ಎಂದರೆ ಸಾಕು ಎಂದರ್ಥ. ಸಾಕು ಎನ್ನುವುದಕ್ಕೂ ಬುದ್ಧಿಗೂ ಒಂದೇ ಮಾತು ಸಿಕ್ಕಿತಲ್ಲ ಎಂದು ನಾವು ಆ ಅರ್ಥವನ್ನು ತಿದ್ದಲು ಹೋಗಲಿಲ್ಲ.

ಊಟವಾಯಿತು. ದೀಪಗಳು ಆರಿದವು. ಕತ್ತಲೆಯಲ್ಲಿ ಕಣ್ಣು ಹೊಂದಿಕೊಂಡ ಮೇಲೆ ಕಾಯಲಿನ ಮೇಲೆ ಬೆಸ್ತರ ದೀಪಗಳು ಒಂದೊಂದಾಗಿ ಕಾಣಿಸಿದವು. ಟ್ಯಾಬ್ಲೆಟ್ಟಿಲ್ಲದ ಮಗ ಅವನ್ನು ಎಣಿಸಲು ಕುಳಿತು ಹದಿನೇಳರಲ್ಲಿ ನಿದ್ದೆಹೋದ. ಕೋಣೆಯೊಳಗೆ ಫೋನಿಗೆ ಗೋಪುರದ ಸಂಕೇತ ಸರಿಯಾಗಿ ಸಿಕ್ಕುತ್ತಿರಲಿಲ್ಲ. ಸಂಕೇತ ಸಿಕ್ಕದ ಫೋನು ಅದನ್ನು ಹುಡುಕುವುದರಲ್ಲಿಯೇ ತನ್ನ ಬಲವನ್ನು ಕಳೆದುಕೊಳ್ಳುತ್ತದೆ. ಚುಕ್ಕಾಣಿಯ ಬಳಿ ಸಂಕೇತ ಚೆನ್ನಾಗಿತ್ತು. ಆದುದರಿಂದ ಫೋನು ಅಲ್ಲಿ, ಕಿವಿ ಅಲ್ಲಿ. ತಾಯಿಯವರೂ ಶಾಲು ಹೊದ್ದು ಅಲ್ಲಿಯೇ ಒಂದು ಬೆತ್ತದ ಕುರ್ಚಿಯಲ್ಲಿ ಕುಳಿತರು. ಕಿವಿಯ ಯಂತ್ರ ಡಬ್ಬಿಯಲ್ಲಿದ್ದುದರಿಂದ ಅವರಿಗೆ ಏನೂ ಕೇಳಿಸದು. ಫೋನಿನ ಗಾಜಿನ ಮೇಲೆ ಬೆಳಕು ಮೂಡುವುದನ್ನೇ ಕಾಯುತ್ತಿದ್ದರು. ಮಲಗಿರೆಂದು ಸನ್ನೆ ಮಾಡಿದರೆ ಕೈಯಿಂದಲೇ ನಮ್ಮನ್ನು ಒಳಗೆ ಕಳಿಸಿದರು. ನಾವು ಹೋಗಲಿಲ್ಲ. ಹಿಂಬದಿಯಲ್ಲಿ ಹುಡುಗ ಪಿಸುಮಾತಿನಲ್ಲಿ ಅಸ್ಸಾಮಿಗೆ ಏನನ್ನೋ ಹೇಳಿ ನಗುತ್ತಿದ್ದ.

ಹನ್ನೊಂದೂ ನಲವತ್ತಕ್ಕೆ ಗಾಜು ಬೆಳಗಿತು. ನಾವು ಫೋನು ಎತ್ತುವುದರೊಳಗೆ ತಾಯಿಯವರು ಡಬ್ಬಿ ತೆರೆದು ಯಂತ್ರವನ್ನು ಕಿವಿಗೆ ಸೇರಿಸಿಕೊಂಡಿದ್ದರು. ಎರಡೂವರೆ ಗಂಟೆಯ ಊಟವಾಗಿತ್ತು ಅದಕ್ಕೆ, ಧಾರಾಳವಾಯಿತು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಸುಖ. ಅಷ್ಟನ್ನು ನಾವು ಕೇಳಿ ಹೇಳಬಹುದಾಗಿತ್ತು. ಆದರೆ ತಮ್ಮ ಫೋನನ್ನು ಮಗುವಿನ ಹತ್ತಿರ ಹಿಡಿದಾಗ ಬಂದ ಆ ಕೀರಲು ಅಳುವನ್ನು ಯಾರೂ ಯಾರಿಗೂ ಹೇಳಲಾಗದು. ತಾಯಿಯವರು ಕಣ್ಣು ಮುಚ್ಚಿ ಅದನ್ನು ಪೂರ್ತಿ ಕೇಳಿದರು. ಆಮೇಲೆ, "ಗಂಟಲ ಚಲೋ ಐತಿ, ನಮ್ಮ ಕಡೆಯದು" ಎಂದರು.

ಬೆಳಿಗ್ಗೆ ಮೀಟರು 12.3 ತೋರಿಸುತ್ತಿತ್ತು. ಸುದ್ದಿ ತಿಳಿದ ಹುಡುಗ ಚಹಾಕ್ಕೆ ಸಕ್ಕರೆ ಹೆಚ್ಚಾಗಿಯೇ ಹಾಕಿದ. ಹೊರಡುವ ಮೊದಲು ಸ್ರಾಂಕ್ ಸಾಕೆಟ್ಟಿನಿಂದ ಎಲ್ಲ ತಂತಿಗಳನ್ನೂ ಕೀಳಿಸಿದರು. ಎಂಜಿನು ಏಳುವ ಕ್ಷಣದಲ್ಲಿ ವೋಲ್ಟು ಒಮ್ಮೆ ಕುಸಿದು ಒಮ್ಮೆ ನೆಗೆಯುವುದುಂಟು. ಸೂಕ್ಷ್ಮ ಯಂತ್ರಗಳಿಗೆ ಅದು ಒಳ್ಳೆಯದಲ್ಲ. ಕೀಲಿ ತಿರುಗಿಸಿದರು. ಮೀಸಲಿಟ್ಟ ಬ್ಯಾಟರಿಯ ಬಲದಿಂದ ಎಂಜಿನು ಒಂದೇ ಸಲಕ್ಕೆ ಎದ್ದಿತು. ಮೀಟರಿನ ಅಂಕಿ ಹದಿನಾಲ್ಕರ ಹತ್ತಿರಕ್ಕೆ ಏರಿತು. ರಾತ್ರಿಯ ಸಾಲ ತೀರತೊಡಗಿತು.

ಈ ಕಡೆ ಪ್ರವಾಸ ಬರುವ ನಮ್ಮ ಸಂಘದ ಕುಟುಂಬಗಳಿಗೆ ನಾಲ್ಕು ಮಾತು. ದೋಣಿ ಹತ್ತುವ ಮೊದಲು ಎರಡು ಪ್ರಶ್ನೆ ಕೇಳಿ: ಎಂಜಿನು ಎಬ್ಬಿಸುವ ಬ್ಯಾಟರಿ ಬೇರೆಯಾಗಿದೆಯೇ? ಜನರೇಟರು ನಿಂತರೆ ಯುಎಸ್‌ಬಿ ಸಾಕೆಟ್ಟು ನಡೆಯುತ್ತದೆಯೇ? ಪವರ್ ಬ್ಯಾಂಕನ್ನು ತುಂಬಿಸಿ, ಮಕ್ಕಳ ಕೈಗೆ ಸಿಕ್ಕದಂತೆ ಇಡಿ. ದೋಣಿ ಓಡುತ್ತಿರುವ ಹಗಲಿನಲ್ಲಿಯೇ ಚಾರ್ಜು ಮುಗಿಸಿಕೊಂಡರೆ ಆಲ್ಟರ್ನೇಟರು ಕೊಡುತ್ತದೆ, ಬ್ಯಾಟರಿಗೆ ಭಾರವಿಲ್ಲ. ದೋಣಿಯ ತಂತಿಗಳಿಗೆ ನೀವಾಗಿ ಏನನ್ನೂ ಸೇರಿಸಬೇಡಿ. ಬ್ಯಾಟರಿಯ ಹಲಗೆಯ ಬಳಿ ಬೆಂಕಿಕಡ್ಡಿ ಗೀರಬೇಡಿ, ತುಂಬುವಾಗ ಅದರಿಂದ ಹೊತ್ತಿಕೊಳ್ಳುವ ಅನಿಲ ಹೊರಡುತ್ತದೆ.

ದೋಣಿಯಿಂದಿಳಿದು ಮಧ್ಯಾಹ್ನ ವೈಕಂಗೆ ಹೋದೆವು. ದೇವಸ್ಥಾನದ ಸುತ್ತಣ ಬೀದಿಗಳಲ್ಲಿ ಎಲ್ಲರೂ ನಡೆಯುವ ಹಕ್ಕಿಗಾಗಿ 1924-25ರಲ್ಲಿ ಸತ್ಯಾಗ್ರಹ ನಡೆದ ಊರು ಅದು; 1925ರಲ್ಲಿ ಗಾಂಧೀಜಿ ಬಂದಿದ್ದರು. ಅಲ್ಲಿಂದ ಕಾಯಲನ್ನು ದಾಟಿ ತವಣಕ್ಕಡವಿಗೆ ಹೋಗುವ ಸರ್ಕಾರಿ ದೋಣಿಗಳ ಪೈಕಿ ಒಂದರ ಹೆಸರು 'ಆದಿತ್ಯ'. 2017ರ ಜನವರಿಯಲ್ಲಿ ಓಡತೊಡಗಿದ, 75 ಜನ ಕುಳಿತುಕೊಳ್ಳುವ, ಭಾರತದ ಮೊದಲ ಸೌರದೋಣಿ. ಮಾಡಿನ ಮೇಲೆ ಹಾಸಿದ ಫಲಕಗಳು ಬಿಸಿಲನ್ನು ಹಿಡಿದು ಲಿಥಿಯಂ ಬ್ಯಾಟರಿಗೆ ತುಂಬುತ್ತವೆ. ಬ್ಯಾಟರಿ ಮೋಟರನ್ನು ತಿರುಗಿಸುತ್ತದೆ. ಹಿಂದಿನ ರಾತ್ರಿ ಒಂದು ಫೋನಿಗೆ ಲೆಕ್ಕ ಹಾಕಿದ್ದ ನಮಗೆ, ಇಡೀ ದೋಣಿಯೇ ಬ್ಯಾಟರಿಯ ಮೇಲೆ ಸಾಗುವುದನ್ನು ಕಂಡು ಬೆರಗಾಯಿತು.

ದೋಣಿ ಹೊರಟು ದಡ ಹಿಂದೆ ಸರಿಯಿತು. ತಾಯಿಯವರು ಕಿವಿಯಿಂದ ಯಂತ್ರವನ್ನು ತೆಗೆದು, ಅಂಗೈಯಲ್ಲಿ ತಟ್ಟಿ, ಮತ್ತೆ ಹಾಕಿಕೊಂಡರು. "ಇದು ಮತ್ತ ಸತ್ತಿತೇನಪಾ? ಎಂಜಿನ್ ಸಪ್ಪಳನ ಕೇಳಾಕತ್ತಿಲ್ಲ" ಎಂದರು. ಇದಕ್ಕೆ ಎಂಜಿನ್ನೇ ಇಲ್ಲವೆಂದು ತಿಳಿಸಿದೆವು. ಅವರು ಸ್ವಲ್ಪ ಹೊತ್ತು ತಲೆ ಓರೆಮಾಡಿ ಕುಳಿತು, ದೋಣಿಯ ಮಗ್ಗುಲಿಗೆ ನೀರು ತಾಗುವ ಸದ್ದನ್ನು ಕೇಳಿಸಿಕೊಂಡರು.